ಹೋದ ವರ್ಷದ ಧಾರಣೆ

ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲೇ ಕುಳಿತು ಬೆಂಗಳೂರಿನ ಕಂಪನಿಗೆ ದುಡಿಯುವ ಹುಡುಗಿಯೊಬ್ಬಳು ಅಪ್ಪನಿಗಾಗಿ ಪುಟ್ಟ ಪ್ರೋಗ್ರಾಮ್ ಬರೆಯಲು ಹೊರಟಿದ್ದಾಳೆ ಎಂದಿಟ್ಟುಕೊಳ್ಳಿ. ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆಯನ್ನು ಅದು ದಾಖಲಿಸಬೇಕು: ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕು ಬಗೆಗೆ ನಾಲ್ಕು ಕಾಲಂ, ದಿನಕ್ಕೊಂದು ಸಾಲು. ಕೃತಕ ಬುದ್ಧಿಮತ್ತೆಯ ಏಜೆಂಟ್‌ಗೆ ಹೇಳಿದರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಪೈಥಾನ್ ಕೋಡ್ ಸಿದ್ಧ. ಆದರೆ ಓಡಿಸಿದರೆ ಮುಗ್ಗರಿಸುತ್ತದೆ. ಡೇಟಾಫ್ರೇಮ್‌ನಲ್ಲಿ, ಎಂದರೆ ಸಾಲು-ಕಾಲಂಗಳ ಕೋಷ್ಟಕದಲ್ಲಿ, ‘ಅಪೆಂಡ್’ ಎಂಬುದೇ ಇಲ್ಲ ಎನ್ನುತ್ತದೆ.

ಮೊದಲು ಇತ್ತು. ಕೋಷ್ಟಕಗಳ ಕೆಲಸಕ್ಕೆಂದು ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಕೋಡಿನ ಕಟ್ಟು ‘ಪ್ಯಾಂಡಾಸ್’. ಇಂಥ ಕಟ್ಟುಗಳಿಗೇ ಪ್ಯಾಕೇಜ್ ಎನ್ನುವುದು. ಹೊಸ ಸಾಲು ಸೇರಿಸಲು ಅದರಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಅಪೆಂಡ್. 2023ರ ಏಪ್ರಿಲ್‌ನಲ್ಲಿ ಬಂದ 2.0 ಆವೃತ್ತಿ ಅದನ್ನು ಕಿತ್ತುಹಾಕಿತು; ‘ಕಾನ್‌ಕ್ಯಾಟ್’ ಬಳಸಬೇಕಾಯಿತು. ಅಂತರಜಾಲದಲ್ಲಿ ರಾಶಿ ಬಿದ್ದಿರುವ ಪಾಠಗಳು, ಪ್ರಶ್ನೋತ್ತರಗಳು ಮಾತ್ರ ಇನ್ನೂ ಅಪೆಂಡ್ ಕಾಲದವೇ. ಏಜೆಂಟಿನ ಮಿದುಳಾದ ಭಾಷಾ ಮಾದರಿ ಕಲಿತದ್ದು ಅವನ್ನು ಓದಿ. ಅದರ ಓದು ಒಂದು ದಿನಾಂಕಕ್ಕೆ ನಿಲ್ಲುತ್ತದೆ, ಪ್ಯಾಕೇಜುಗಳು ನಿಲ್ಲುವುದಿಲ್ಲ. ಹೋದ ವರ್ಷದ ಧಾರಣೆ ನಂಬಿ ಅಡಿಕೆ ಚೀಲಗಳನ್ನು ಗಾಡಿಗೆ ಹೇರುವ ಬೆಳೆಗಾರ ಮಲೆನಾಡಿನಲ್ಲಿ ಸಿಗಲಾರ; ಬೆಳಿಗ್ಗೆಯೇ ಮಂಡಿಗೆ ಫೋನ್ ಮಾಡಿ ಕೇಳುತ್ತಾನೆ. ಏಜೆಂಟ್ ಕೂಡ ಹಾಗೆ ಕೇಳುವಂತೆ ಮಾಡಬಹುದು.

ಕೇಳುವ ಜಾಗಗಳು ಇದ್ದೇ ಇವೆ. ಪೈಥಾನ್‌ಗೆ ಪೈಪಿಐ, ಜಾವಾಸ್ಕ್ರಿಪ್ಟ್‌ಗೆ ಎನ್‌ಪಿಎಂ ಎಂಬ ಭಂಡಾರಗಳು ಪ್ಯಾಕೇಜಿನ ಹೆಸರು ಕೊಟ್ಟರೆ ಅದರ ವಿವರಗಳನ್ನು ಒಪ್ಪಿಸುತ್ತವೆ. ಇಲ್ಲೊಂದು ತಪ್ಪು ಕಲ್ಪನೆ ಸಾಮಾನ್ಯ: ಮಾದರಿಯೇ ಜಾಲಕ್ಕೆ ಹೋಗಿ ಹುಡುಕುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಪಾಪ, ಅದಕ್ಕೆ ಬರುವುದು ಪಠ್ಯ ಬರೆಯುವುದೊಂದೇ. ಯಾವ ಟೂಲ್ (ಮಾದರಿಗಾಗಿ ಹೊರಗಿನ ಕೆಲಸ ಮಾಡಿಕೊಡುವ ಸಲಕರಣೆ) ಬೇಕು, ಯಾವ ಪ್ಯಾಕೇಜಿನ ವಿವರ ಬೇಕು ಎಂಬುದನ್ನು ಗೊತ್ತಾದ ನಮೂನೆಯಲ್ಲಿ ಬರೆದು ಅದು ಸುಮ್ಮನಾಗುತ್ತದೆ. ಹೊರಗಿರುವ ಮಾಮೂಲಿ ಪ್ರೋಗ್ರಾಮ್ ಒಂದು ಅದನ್ನು ಓದಿ, ಭಂಡಾರವನ್ನು ವಿಚಾರಿಸಿ, ಬಂದ ಉತ್ತರವನ್ನು ಮಾದರಿಯ ಮುಂದಿಡುತ್ತದೆ. ಈ ಕೊಡುಕೊಳ್ಳುವಿಕೆಗೆ ಒಂದೇ ಕ್ರಮವಿರಲಿ ಎಂದು ಕೃತಕ ಬುದ್ಧಿಮತ್ತೆಯ ಕಂಪನಿ ಆಂಥ್ರಾಪಿಕ್ 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ನಿಯಮಾವಳಿಯನ್ನು ಪ್ರಕಟಿಸಿತು.

ಟೂಲ್ ಬರೆಯುವವರ ಜಾಣ್ಮೆ ಬೇಕಾಗುವುದು ಉತ್ತರವನ್ನು ಸೋಸುವಲ್ಲಿ. ಹೆಸರುವಾಸಿ ಪ್ಯಾಕೇಜಿನ ಬಗ್ಗೆ ಕೇಳಿದರೆ ಎನ್‌ಪಿಎಂ ಈವರೆಗಿನ ಎಲ್ಲ ಆವೃತ್ತಿಗಳ ಜಾತಕವನ್ನೂ ಬಿಚ್ಚಿಡುತ್ತದೆ. ಅಷ್ಟನ್ನೂ ಮಾದರಿಗೆ ಉಣಿಸಿದರೆ ಮುಖ್ಯವಾದದ್ದು ಅದರಲ್ಲೇ ಮುಳುಗಿಹೋಗುತ್ತದೆ. ಇತ್ತೀಚಿನ ಆವೃತ್ತಿ, ಅದು ಬಂದ ದಿನ, ಪರವಾನಗಿ, ಅವಲಂಬಿಸಿರುವ ಬೇರೆ ಪ್ಯಾಕೇಜುಗಳು, ಇಷ್ಟು ಸಾಕು. ಇವೆಲ್ಲಕ್ಕಿಂತ ಹೆಚ್ಚಿನದು, ನನ್ನ ಮಟ್ಟಿಗೆ, ಕರ್ತೃಗಳೇ ಅದನ್ನು ಕೈಬಿಟ್ಟಿದ್ದಾರೆಯೇ ಎಂಬುದು. ಎನ್‌ಪಿಎಂನ ‘ರಿಕ್ವೆಸ್ಟ್’ ಪ್ಯಾಕೇಜನ್ನು 2020ರಲ್ಲೇ ಕೈಬಿಡಲಾಯಿತು. ಹಳೆಯ ಕೋಡಿನಲ್ಲೆಲ್ಲ ಅದೇ ಇರುವುದರಿಂದ ನೆನಪಿನ ಮೇಲೆ ಬರೆಯುವ ಮಾದರಿಗೆ ಅದರ ಮೇಲೇ ಒಲವು.

ಮಲೆನಾಡಿನವರಿಗೆ ತಕ್ಷಣ ಹೊಳೆಯುವ ಸೂಕ್ಷ್ಮವೊಂದಿದೆ. ಆಷಾಢದ ಮಳೆಗೆ ಕರೆಂಟ್ ಹೋಗಿ, ಹಿಂದೆಯೇ ನೆಟ್‌ವರ್ಕ್ ಕೂಡ ಹೋದರೆ ಟೂಲ್ ಏನು ಹೇಳಬೇಕು? ‘ಉತ್ತರ ಬರಲಿಲ್ಲ’ ಎನ್ನಬೇಕು, ‘ಅಂಥ ಪ್ಯಾಕೇಜ್ ಇಲ್ಲ’ ಎನ್ನಬಾರದು. ಇವೆರಡನ್ನೂ ಒಂದೇ ಮಾಡಿದರೆ ಏಜೆಂಟ್ ಇರುವ ಹೆಸರನ್ನು ಬಿಟ್ಟು ಇಲ್ಲದ ಹೆಸರನ್ನು ಹುಡುಕಲು ಹೊರಡುತ್ತದೆ.

ಇಲ್ಲದ ಹೆಸರು ಹೇಳುವುದರಲ್ಲಿ ಮಾದರಿಗಳದು ಎತ್ತಿದ ಕೈ. ಅಮೆರಿಕದ ಸಂಶೋಧಕರು 16 ಮಾದರಿಗಳಿಂದ 5.76 ಲಕ್ಷ ಕೋಡ್ ತುಣುಕುಗಳನ್ನು ಬರೆಸಿ ನೋಡಿದಾಗ, ಯಾವ ಭಂಡಾರದಲ್ಲೂ ಇಲ್ಲದ ಎರಡು ಲಕ್ಷಕ್ಕೂ ಹೆಚ್ಚು ಪ್ಯಾಕೇಜ್ ಹೆಸರುಗಳು ಸಿಕ್ಕವು. ಅವುಗಳಲ್ಲಿ ಹಲವು ಮತ್ತೆ ಮತ್ತೆ ಬರುತ್ತವೆ. ಅಪಾಯ ಇರುವುದು ಅಲ್ಲೇ: ಮಾದರಿ ಪದೇ ಪದೇ ಹೇಳುವ ಸುಳ್ಳು ಹೆಸರನ್ನು ದುಷ್ಕರ್ಮಿ ತಾನೇ ನೋಂದಾಯಿಸಿ, ಒಳಗೆ ವಿಷ ತುಂಬಿಡಬಹುದು. ಭಂಡಾರವನ್ನು ಕೇಳಿದರೆ ಆಗ ‘ಇದೆ’ ಎಂಬ ಉತ್ತರವೇ ಬರುತ್ತದೆ.

ಆದ್ದರಿಂದ ಟೂಲ್ ಪ್ಯಾಕೇಜಿನ ಮೊದಲ ಆವೃತ್ತಿ ಬಂದ ದಿನವನ್ನೂ ತರಬೇಕು. ನಿನ್ನೆ ಮೊನ್ನೆ ಹುಟ್ಟಿದ ಪ್ಯಾಕೇಜನ್ನು ಮನುಷ್ಯರಿಗೆ ತೋರಿಸದೆ ಏಜೆಂಟ್ ಅಳವಡಿಸಬಾರದು. ಹಳೆಯದೆಂದ ಮಾತ್ರಕ್ಕೆ ಎಲ್ಲ ಸರಿ ಎಂದೂ ಅಲ್ಲ. ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಎಲ್ಲೆಡೆ ಬಳಕೆಯಲ್ಲಿರುವ, ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಪ್ಯಾಕೇಜಿಗೆ, ಅದರ ನಿರ್ವಾಹಕರ ವಿಶ್ವಾಸ ಗಳಿಸಿದ್ದವರೊಬ್ಬರೇ ಕಳ್ಳಬಾಗಿಲು ಕೂರಿಸಿದ್ದರು. ಹೆಸರು, ಪರವಾನಗಿ, ಆವೃತ್ತಿ ಎಲ್ಲವೂ ಅಚ್ಚುಕಟ್ಟಾಗಿದ್ದವು. 2024ರ ಮಾರ್ಚ್‌ನಲ್ಲಿ ಅದು ಬಯಲಾದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ನಿಂದ. ತನ್ನ ಕಂಪ್ಯೂಟರಿನಲ್ಲಿ ದೂರದಿಂದ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡ್ ಹೆಚ್ಚು ತಗಲುತ್ತಿದೆ ಎಂಬುದು ಅವನ ಗಮನಕ್ಕೆ ಬಂದಿತ್ತು.