ಧ್ವನಿ ‘ಬ’, ಬಾಯಿ ‘ಗ’, ಕೇಳಿಸಿದ್ದು ‘ದ’

ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ ಎಂಬ ಮನಶ್ಶಾಸ್ತ್ರಜ್ಞರು 1976ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬರೆದ ಪ್ರಯೋಗ ಇದು. ವಿಡಿಯೋದಲ್ಲಿ ಬಾಯಿ ‘ಗ’ ಎನ್ನುತ್ತದೆ, ಅದರ ಮೇಲೆ ಕೂರಿಸಿದ ಧ್ವನಿ ‘ಬ’. ನೋಡಿದವರಲ್ಲಿ ಬಹಳ ಜನರಿಗೆ ‘ದ’ ಕೇಳಿಸುತ್ತದೆ. ಕಣ್ಣು ಮುಚ್ಚಿದರೆ ‘ಬ’, ತೆರೆದರೆ ಮತ್ತೆ ‘ದ’. ಗುಟ್ಟು ಗೊತ್ತಿದ್ದರೂ ಹೀಗೇ ಆಗುತ್ತದೆ.

‘ದ’ನೇ ಯಾಕೆ? ತುಟಿ ಮುಚ್ಚದೆ ‘ಬ’ ಹುಟ್ಟುವುದಿಲ್ಲ. ಕಣ್ಣಿಗೆ ತೆರೆದ ತುಟಿ ಕಾಣುತ್ತಿದೆ, ಹಾಗಾಗಿ ‘ಬ’ ಔಟ್. ‘ಗ’ ಹುಟ್ಟುವುದು ಬಾಯಿಯ ಹಿಂಭಾಗದಲ್ಲಿ, ಹೊರಗಿನಿಂದ ನೋಡಿದರೆ ‘ಗ’, ‘ದ’ ಹೆಚ್ಚು ಕಡಿಮೆ ಒಂದೇ ಥರ. ಸದ್ದಿನಲ್ಲಿ ‘ಬ’ಕ್ಕೆ ‘ದ’ ಹತ್ತಿರ. ಕಣ್ಣು, ಕಿವಿ ಎರಡೂ ಒಪ್ಪುವ ಅಕ್ಷರ ಅದು.

ಗದ್ದಲದಲ್ಲಿ ತುಟಿ ಕಂಡರೆ ಮಾತು ಜಾಸ್ತಿ ತಿಳಿಯುತ್ತದೆ ಎಂದು ಸಂಬಿ, ಪೊಲಾಕ್ ಎಂಬ ಸಂಶೋಧಕರು 1954ರಲ್ಲೇ ತೋರಿಸಿದ್ದರು. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಸಂಜೆ ಹೊತ್ತು ಚೌಕಾಸಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಚರ್ಮದ ವಿಷಯ. ನನ್ನನ್ನು ತುಂಬಾ ಹೊತ್ತು ಕಾಡಿದ್ದು ಇದೇ. 2009ರಲ್ಲಿ ಬ್ರಯನ್ ಗಿಕ್, ಡೊನಾಲ್ಡ್ ಡೆರಿಕ್ ಎಂಬ ಸಂಶೋಧಕರು ಕೇಳುಗರ ಕೈ ಅಥವಾ ಕುತ್ತಿಗೆಯ ಮೇಲೆ ಸಣ್ಣಗೆ ಗಾಳಿ ಊದಿದರು. ಗಾಳಿ ತಾಗಿದಾಗ ಇಂಗ್ಲಿಷಿನ ‘ಬ’ವನ್ನು ‘ಪ’ ಎಂದು ಕೇಳಿದ್ದು ಹೆಚ್ಚು. ಓದಿದ ಕೂಡಲೇ ಪ್ರಶ್ನೆ ಏಳುತ್ತದೆ: ನಮ್ಮ ‘ಪ’ದಲ್ಲಿ ಗಾಳಿ ಎಲ್ಲಿದೆ?

ಅಂಗೈಯನ್ನು ಬಾಯಿಗೆ ನಾಲ್ಕು ಬೆರಳು ದೂರ ಹಿಡಿದು ‘ಪಲ್ಯ’ ಎನ್ನಿ. ಗಾಳಿ ಹತ್ತಿರ ಹತ್ತಿರ ಇಲ್ಲವೇ ಇಲ್ಲ. ‘ಫಲ’ ಎಂದು ಮಹಾಪ್ರಾಣ ಒತ್ತಿ ಹೇಳಿ, ಅಂಗೈಗೆ ಬಿಸಿಯುಸಿರು ಬಡಿಯುತ್ತದೆ. ಆದರೆ ಇದು ಅಫಜಲಪುರ ಎನ್ನುವಾಗ ಹಲ್ಲು ತುಟಿಗೆ ತಾಗಿ ಬರುವ ‘ಫ’ ಅಲ್ಲ. ಎರಡೂ ತುಟಿ ಮುಚ್ಚಿ ಬಿಡಬೇಕು. ಮೊದಲು ಫ್ಯಾನ್ ಆಫ್ ಮಾಡಿ. ನಮ್ಮೂರ ಬೇಸಿಗೆಯಲ್ಲಿ ಕಷ್ಟ, ಆದರೆ ಫ್ಯಾನ್ ತಿರುಗುತ್ತಿದ್ದರೆ ಉಸಿರು ಗೊತ್ತಾಗುವುದಿಲ್ಲ.

ಇಂಗ್ಲಿಷ್ ಮಾತಾಡಿ ಬೆಳೆದವರು ಪದದ ಮೊದಲಿಗೆ ಬರುವ ‘ಪ’ವನ್ನು ನಮ್ಮ ಮಹಾಪ್ರಾಣದ ಹಾಗೆ ಉಸಿರು ಬಿಟ್ಟೇ ಹೇಳುತ್ತಾರೆ. ಅವರ ‘ಬ’ದಲ್ಲಿ ಆ ಉಸಿರಿಲ್ಲ. ಅಂದರೆ ಅವರಿಗೆ ಗಾಳಿಯೇ ‘ಪ’ದ ಗುರುತು. ಚರ್ಮಕ್ಕೆ ಗಾಳಿ ತಾಗಿತು, ಮಿದುಳು ಅದನ್ನು ‘ಪ’ದ ಲೆಕ್ಕಕ್ಕೆ ಹಾಕಿತು. ನಮಗೆ ಪ, ಫ, ಬ, ಭ ನಾಲ್ಕೂ ಬೇರೆ ಬೇರೆ. ಗಾಳಿ ಬೇರ್ಪಡಿಸುವುದು ಪ-ಫ ಜೋಡಿಯನ್ನು, ಬ-ಭ ಜೋಡಿಯನ್ನು. ಇದೊಂದು ಹಿಡಿತಕ್ಕೆ ಸಿಕ್ಕರೆ ಇಡೀ ಪ್ರಯೋಗ ತಾನಾಗೇ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಈ ಪ್ರಯೋಗದ ಇಂಗ್ಲಿಷ್ ‘ಪ’ವನ್ನು ಕನ್ನಡದ ‘ಪ’ ಅಂತ ಸುಮ್ನೆ ಓದಿಕೊಂಡು ಹೋಗಬೇಡಿ.

ಇನ್ನು ಮೆಕ್‌ಗರ್ಕ್ ಪ್ರಯೋಗವನ್ನು ತಿರುಗಿಸಿದರೆ, ಅಂದರೆ ಧ್ವನಿ ‘ಗ’, ಬಾಯಿ ‘ಬ’ ಆದರೆ, ನಡುವಿನ ಅಕ್ಷರ ಸಿಗುವುದಿಲ್ಲ. ಹಲವರಿಗೆ ‘ಬಗ’ ಅಥವಾ ‘ಗಬ’ ಎಂದು ಎರಡೂ ಕೇಳಿಸುತ್ತವೆ. ತುಟಿ ಮುಚ್ಚಿದ್ದು ಕಣ್ಣಾರೆ ಕಂಡಿದೆ, ಅದನ್ನು ಬಿಡಲಾಗುವುದಿಲ್ಲ. ‘ಗ’ದ ಸದ್ದನ್ನೂ ತಳ್ಳಲಾಗುವುದಿಲ್ಲ.