ಫಂಕ್ಷನ್‌ಗೆ ಬೀಗ ಹಾಕಿದರೂ ಬಾಗಿಲು ತೆರೆದೇ ಇರುವುದೇಕೆ?

ಕೋಲಾರದ ಟೊಮೆಟೊ ಮಂಡಿಯೊಂದರ ಲೆಕ್ಕ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ ಅಂದುಕೊಳ್ಳಿ. ಹರಾಜು ಮುಗಿದ ಮೇಲೆ ಗುಮಾಸ್ತ 15 ಕೆಜಿ ಬಾಕ್ಸ್‌ಗಳ ಲೆಕ್ಕ, ದರ ತುಂಬಿ 'ಬಿಲ್_ಮಾಡು' ಫಂಕ್ಷನ್ (ಡೇಟಾಬೇಸ್‌ನಲ್ಲೇ ಇಟ್ಟ ಚಿಕ್ಕ ಪ್ರೋಗ್ರಾಂ) ಕರೆಯುತ್ತಾನೆ. ಅದು ಎಲ್ಲ ತಾಳೆ ನೋಡಿ, ಕೊನೆಗೆ 'ಬಾಕಿ_ತಿದ್ದು' ಎಂಬ ಒಳಗಿನ ಫಂಕ್ಷನ್‌ಗೆ ಕೆಲಸ ಒಪ್ಪಿಸುತ್ತದೆ. ಈ ಎರಡನೆಯದು ಫಂಕ್ಷನ್‌ನ ಮಾಲೀಕನ ಹಕ್ಕಿನಲ್ಲಿ ಓಡುವಂತಿದ್ದರೆ, ಗುಮಾಸ್ತ ಒಂದೇ ಸೆಲೆಕ್ಟ್ ಸಾಲಿನಲ್ಲಿ ಅದನ್ನು ನೇರ ಕರೆದು ರೈತನ ಬಾಕಿ ಬದಲಿಸಬಹುದು. ತಾಳೆಗೀಳೆ ಏನೂ ಇಲ್ಲ. ಹೆಸರಿನ ಹಿಂದೆ ಅಂಡರ್‌ಸ್ಕೋರ್ ಅಂಟಿಸಿ 'ಇದು ಒಳಗಿನದು' ಅನ್ನುವವರಿದ್ದಾರೆ. ಅದು ಬೋರ್ಡು ಅಷ್ಟೇ. ಫಂಕ್ಷನ್‌ಗಳನ್ನೆಲ್ಲ ದಾಖಲಿಸುವ ಪಿಜಿ_ಪ್ರಾಕ್ ಪಟ್ಟಿಯಲ್ಲಿ ಹೆಸರಷ್ಟೇ ಅಲ್ಲ, ಕೋಡ್ ಕೂಡ ಎಲ್ಲರಿಗೂ ಕಾಣುತ್ತದೆ.

ಇದರ ಬೇರು 2002ರಲ್ಲಿದೆ. ಆ ವರ್ಷ ನವೆಂಬರ್‌ನಲ್ಲಿ ಬಂದ ಪೋಸ್ಟ್‌ಗ್ರೆಸ್ 7.3 ಆವೃತ್ತಿ ಸ್ಕೀಮಾ (ಟೇಬಲ್, ಫಂಕ್ಷನ್‌ಗಳನ್ನು ಗುಂಪಾಗಿಡುವ ವಿಭಾಗ), ಫಂಕ್ಷನ್ ಅನುಮತಿ, ಸೆಕ್ಯುರಿಟಿ ಡಿಫೈನರ್ (ಮಾಲೀಕನ ಹಕ್ಕಿನಲ್ಲಿ ಓಡಿಸುವ ಬಗೆ) ಮೂರನ್ನೂ ಒಟ್ಟಿಗೇ ತಂದಿತು. ಹೊಸ ಟೇಬಲ್ ಮಾಲೀಕನಿಗೆ ಮಾತ್ರ. ಹೊಸ ಫಂಕ್ಷನ್ ಮಾತ್ರ ಪಬ್ಲಿಕ್‌ಗೆ, ಅಂದರೆ ಎಲ್ಲರಿಗೂ. ಆ ನಿಯಮ ಇವತ್ತಿಗೂ ಹಾಗೇ ಇದೆ. 2008ರ 8.3ರಲ್ಲಿ ಪ್ರತಿ ಫಂಕ್ಷನ್‌ಗೂ ಸರ್ಚ್‌_ಪಾತ್ (ಹೆಸರುಗಳನ್ನು ಯಾವ ಸ್ಕೀಮಾಗಳಲ್ಲಿ ಹುಡುಕಬೇಕೆಂಬ ಪಟ್ಟಿ) ಕಟ್ಟಿಹಾಕುವ ದಾರಿ ಬಂತು, 2010ರ 9.0ರಲ್ಲಿ ಹೊಸದಾಗಿ ಸೃಷ್ಟಿಯಾಗುವವುಗಳ ಡಿಫಾಲ್ಟ್ ಅನುಮತಿ ಬದಲಿಸುವ ಆಲ್ಟರ್ ಡಿಫಾಲ್ಟ್ ಪ್ರಿವಿಲೇಜಸ್. 2022ರ 15ನೇ ಆವೃತ್ತಿ ಪಬ್ಲಿಕ್ ಸ್ಕೀಮಾದಲ್ಲಿ ಯಾರೆಂದರೆ ಅವರು ಹೊಸದನ್ನು ಸೃಷ್ಟಿಸುವುದನ್ನು ನಿಲ್ಲಿಸಿತು. ಇರುವ ಫಂಕ್ಷನ್ ಕರೆಯುವುದನ್ನಲ್ಲ. ಈ ವ್ಯತ್ಯಾಸ ಗಮನಿಸದೆ ನಿಶ್ಚಿಂತರಾದವರೇ ಹೆಚ್ಚು.

ಬೀಗ ಹಾಕುವಾಗ ಮೊದಲ ಎಡವಟ್ಟು: ಗುಮಾಸ್ತನ ಖಾತೆಯಾದ ರೋಲ್‌ನಿಂದ ಎಕ್ಸಿಕ್ಯೂಟ್ (ಕರೆಯುವ ಹಕ್ಕು) ರಿವೋಕ್ ಮಾಡುವುದು, ಅಂದರೆ ಹಿಂಪಡೆಯುವುದು. ಅವನಿಗೆ ಹಕ್ಕು ಬಂದಿದ್ದೇ ಪಬ್ಲಿಕ್ ಮೂಲಕ, ಆದ್ದರಿಂದ ಏನೂ ಆಗದು, ಎರರ್ ಕೂಡ ಬಾರದು. ಪಬ್ಲಿಕ್‌ನಿಂದಲೇ ಕಿತ್ತು, ಬೇಕಾದ ರೋಲ್‌ಗೆ 'ಬಿಲ್_ಮಾಡು' ಮಾತ್ರ ಗ್ರಾಂಟ್ ಮಾಡಬೇಕು, ಅಂದರೆ ಕೊಡಬೇಕು. ಕ್ರಿಯೇಟ್, ರಿವೋಕ್, ಗ್ರಾಂಟ್ ಮೂರೂ ಒಟ್ಟಿಗೇ ಜಾರಿಯಾಗುವಂತೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿರಲಿ, ಇಲ್ಲದಿದ್ದರೆ ನಡುವಿನ ಕ್ಷಣ ಬಾಗಿಲು ತೆರೆದಿರುತ್ತದೆ.

ಡಿಫಾಲ್ಟ್ ಬದಲಿಸುವಾಗ 'ಇನ್ ಸ್ಕೀಮಾ' ಸೇರಿಸಬೇಡಿ. ಸ್ಕೀಮಾ ಮಟ್ಟದ ಡಿಫಾಲ್ಟ್‌ಗೆ ಹಕ್ಕು ಕೂಡಿಸಲಷ್ಟೇ ಬರುತ್ತದೆ, ಕಳೆಯಲು ಬರುವುದಿಲ್ಲ. ಬದಲಿಸಿದ ಡಿಫಾಲ್ಟ್ ಕೂಡ ಫಂಕ್ಷನ್ ಸೃಷ್ಟಿಸುವ ರೋಲ್‌ಗೆ ಮಾತ್ರ ಅನ್ವಯ, ಮುಂದಿನವಕ್ಕೆ ಮಾತ್ರ; ಹಳೆಯವನ್ನು ಬೇರೆಯಾಗಿ ರಿವೋಕ್ ಮಾಡಿ ಮುಚ್ಚಬೇಕು.

ಮುಚ್ಚಿದ ಮೇಲೆ 'ಬಿಲ್_ಮಾಡು' ಕೆಟ್ಟರೆ ಗಾಬರಿ ಬೇಡ. ಅದು ಕರೆಯುವವನ ಹಕ್ಕಿನಲ್ಲೇ ಓಡುತ್ತಿದ್ದರೆ, ಒಳಗಿನದಕ್ಕೂ ಅವನಿಗೆ ಅನುಮತಿ ಬೇಕಾಗುತ್ತದೆ. ಹೊರಗಿನದನ್ನು ಸೆಕ್ಯುರಿಟಿ ಡಿಫೈನರ್ ಮಾಡಿ, ಸರ್ಚ್‌_ಪಾತ್ ಕಟ್ಟಿ, ಒಳಗಿನದನ್ನು ಸಾಮಾನ್ಯವಾಗಿಯೇ ಬಿಡಿ. ಯಾರಿಗೆ ಯಾವ ಸಾಲು ಕಾಣಬೇಕೆಂದು ಹೇಳುವ ಸಾಲು ಮಟ್ಟದ ಪಾಲಿಸಿಯಲ್ಲಿ ಬಳಸಿದ ಫಂಕ್ಷನ್‌ಗೂ ಇದೇ ಅನುಮತಿ ತೊಡಕು. ಟೇಬಲ್ ಬದಲಾದಾಗ ತಾನೇ ಓಡುವ ಟ್ರಿಗರ್ ಫಂಕ್ಷನ್‌ಗೆ ಮಾತ್ರ ಆ ಚಿಂತೆಯಿಲ್ಲ, ಅದರ ಅನುಮತಿ ಟ್ರಿಗರ್ ಕಟ್ಟುವಾಗಷ್ಟೇ ನೋಡಲಾಗುತ್ತದೆ.

ಕ್ರಿಯೇಟ್ ಆರ್ ರಿಪ್ಲೇಸ್ ಮಾಡಿದರೆ ಬೀಗ ಉಳಿಯುತ್ತದೆ, ಡ್ರಾಪ್ ಮಾಡಿ ಮತ್ತೆ ಬರೆದರೆ ಹೋಗುತ್ತದೆ. 'ಹಮಾಲಿ' ಎಂಬ ಹೊಸ ಆರ್ಗ್ಯುಮೆಂಟ್ ಸೇರಿಸಿದರೆ ಅದು ಬೇರೆಯೇ ಫಂಕ್ಷನ್: ಹಳೆಯದು ಮುಚ್ಚಿರುತ್ತದೆ, ಹೊಸದು ತೆರೆದಿರುತ್ತದೆ. ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡುವ ಸಾಧನ ಪಿಎಸ್‌ಕ್ಯೂಎಲ್‌ನಲ್ಲಿ 'ಡಿಎಫ್ ಪ್ಲಸ್' ಹೊಡೆದಾಗ ಅನುಮತಿಯ ಕಾಲಂ ಖಾಲಿ ಕಂಡರೆ ಯಾರಿಗೂ ಹಕ್ಕಿಲ್ಲ ಅಂದುಕೊಳ್ಳಬೇಡಿ. ಖಾಲಿ ಅಂದರೆ ಡಿಫಾಲ್ಟ್, ಡಿಫಾಲ್ಟ್ ಅಂದರೆ ಪಬ್ಲಿಕ್.