ಸ್ಟುಡಿಯೋ ಇಲ್ಲ, ಕ್ಯಾಮೆರಾ ಇದೆ: ಫೋಟೋಗ್ರಾಫರ್‌ಗಳ ಸಂಘಕ್ಕೆ ಸೇರಬೇಕಾ?

ಪ್ರಶ್ನೆ: ಮೂರು ವರ್ಷದಿಂದ ಮದುವೆ, ನಾಮಕರಣ ಅಂತ ಸ್ವಂತವಾಗಿ ಫೋಟೋ ತೆಗೆಯುತ್ತಿದ್ದೇನೆ. ಅಂಗಡಿ ಇಲ್ಲ, ಬೋರ್ಡೂ ಇಲ್ಲ. ಸಂಘಕ್ಕೆ ಸೇರು ಅಂತ ಗೆಳೆಯರು ಹೇಳುತ್ತಿದ್ದಾರೆ. ದುಡ್ಡು ಕೊಟ್ಟು ಕಾರ್ಡ್ ಮಾಡಿಸಿದರೆ ಏನು ಸಿಗುತ್ತದೆ?

ಸೇರಿ. ಆದರೆ ಕಾರ್ಡಿನ ಆಸೆಗೆ ಬೇಡ. ಅದನ್ನು ನೋಡಿ ಯಾವ ಹೆಣ್ಣಿನ ಕಡೆಯವರೂ ಆರ್ಡರ್ ಕೊಡುವುದಿಲ್ಲ. ನಿಜವಾಗಿ ಸಿಗುವುದು ಹತ್ತಿಪ್ಪತ್ತು ಫೋನ್ ನಂಬರ್.

ಒಮ್ಮೆ ಧಾರೆಗೆ ಇನ್ನು ಅರ್ಧ ಗಂಟೆ ಇರುವಾಗ ನನ್ನ ಕ್ಯಾಮೆರಾದ ಶಟರ್ ಕೈಕೊಟ್ಟಿತು. ಬ್ಯಾಟರಿ ತೆಗೆದು ಹಾಕಿದೆ, ಲೆನ್ಸ್ ಬದಲಿಸಿದೆ. ಮತ್ತೆ ಅದೇ ಎರರ್. ಸಂಘದ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಸ್ಕೂಟರಿನಲ್ಲಿ ಬಂದವರೇ ತಮ್ಮ ಕ್ಯಾಮೆರಾ ಕೈಗಿಟ್ಟರು. ಗಟ್ಟಿಮೇಳ ಶುರುವಾದಾಗ ನಾನಿನ್ನೂ ಅದರ ಸೆಟ್ಟಿಂಗ್ ಹುಡುಕುತ್ತಿದ್ದೆ! ಒಂದು ರೂಪಾಯಿ ಕೇಳಲಿಲ್ಲ. ಮುಂದಿನ ಸೀಸನ್‌ನಲ್ಲಿ ಅವರು ಜ್ವರದಿಂದ ಮಲಗಿದಾಗ ಅವರ ಎರಡು ಆರ್ಡರ್ ನಾನು ಮುಗಿಸಿಕೊಟ್ಟೆ.

ಯಾವ ಸಂಘ ಅನ್ನುವುದನ್ನು ಮಾತ್ರ ನೋಡಿಕೊಳ್ಳಿ. ಹೊಟ್ಟೆಪಾಡಿನ ಸಂಘಗಳು ಬೇರೆ, ಕಲೆಯ ಸಂಘಗಳು ಬೇರೆ. ಕರಾವಳಿಯ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ ಮೊದಲನೇ ಬಗೆಯದು, ವಲಯಗಳಾಗಿ ಕೆಲಸ ಮಾಡುತ್ತದೆ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ (1971) ಮತ್ತು ದೇಶ ಮಟ್ಟದ ಫೆಡರೇಶನ್ ಆಫ್ ಇಂಡಿಯನ್ ಫೋಟೋಗ್ರಫಿ (1953) ಎರಡನೇ ಬಗೆಯವು. ಅಲ್ಲಿ ಸಲೂನ್‌ಗಳ ಮಾತು ಜಾಸ್ತಿ. ಕ್ಷೌರದಂಗಡಿ ಅಲ್ಲ, ಫೋಟೋ ಸ್ಪರ್ಧೆಗೆ ಹಾಗನ್ನುತ್ತಾರೆ. ಕಣ್ಣು ಪಳಗಬೇಕೆಂದರೆ ಅಲ್ಲಿಗೆ ಹೋಗಿ. ಆಲ್ಬಂ ತಗೊಂಡು ಬಾಕಿ ಕೊಡದ ಗಿರಾಕಿಯ ಗೋಳನ್ನು ಅಲ್ಲಿ ತೋಡಿಕೊಂಡರೆ ಪ್ರಯೋಜನವಿಲ್ಲ, ಅದು ಅವರ ಕೆಲಸ ಅಲ್ಲ ಅಲ್ವಾ?

ಫಾರಂ ತುಂಬುವ ಮುಂಚೆ ಬೈಲಾ ಕೇಳಿ ಓದಿ. ಸ್ಟುಡಿಯೋ ವಿಳಾಸ ಕಡ್ಡಾಯವಾ, ಸಂಘ ರಿಜಿಸ್ಟರ್ ಆಗಿದೆಯಾ, ವರ್ಷದ ಲೆಕ್ಕ ಸಭೆಯಲ್ಲಿ ಇಡುತ್ತಾರಾ, ಕಷ್ಟಕ್ಕೆ ಸಹಾಯನಿಧಿ ಇದೆಯಾ ಎಂದು ನೋಡಿ. ಲೆಕ್ಕ ಕೇಳಿದರೆ ಸಿಡುಕುವ ಕಡೆ ಸೇರಬೇಡಿ.

ಯಾವ ಸಂಘವೂ ತಾನಾಗಿ ಕೊಡಲಾರದ್ದು ಒಂದಿದೆ, ಫೋಟೋದ ಹಕ್ಕು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಕಾಪಿರೈಟ್ ತೆಗೆಸಿದವರದ್ದೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಕ್ಲಿಕ್ ಮಾಡಿದ್ದು ನಾನು, ಹಕ್ಕೂ ನನ್ನದೇ ಅಂದುಕೊಂಡು ಸುಮ್ನೆ ಇರುವವರು ನಮ್ಮಲ್ಲಿ ತುಂಬ. ಮದುಮಗಳ ಫೋಟೋವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಲು, ಸ್ಪರ್ಧೆಗೆ ಕಳಿಸಲು ಒಪ್ಪಿಗೆ ಬೇಕೆಂದರೆ ಅಡ್ವಾನ್ಸ್ ತಗೊಳ್ಳುವ ದಿನವೇ ಬರೆಸಿ ಸಹಿ ಹಾಕಿಸಿಕೊಳ್ಳಿ.

ಇದನ್ನು ಹೇಗೆ ಬರೆಯಬೇಕು ಅಂತ ಗೊತ್ತಿಲ್ಲವಾ? ಆಷಾಢದಲ್ಲಿ ಮದುವೆ ಇರುವುದಿಲ್ಲ, ಎಲ್ಲರೂ ಬಿಡುವಾಗಿರುತ್ತಾರೆ. ಆಗ ಸಂಘದ ಮೀಟಿಂಗಿಗೆ ಹೋಗಿ. ಬಿಲ್ ಪುಸ್ತಕದ ಹಿಂಬದಿಗೆ ಷರತ್ತು ಅಚ್ಚು ಹಾಕಿಸಿಕೊಂಡ ಒಬ್ಬರಾದರೂ ಸಿಕ್ಕಾರು. ಅವರ ಹತ್ತಿರ ಒಂದು ಹಾಳೆ ಕೇಳಿ ತಗೊಳ್ಳಿ.